ನೋಟ್‌ಬುಕ್‌ನಲ್ಲಿ ಮಾತ್ರ ಎರರ್ ಯಾಕೆ?

ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡೋ ಟ್ರೈನಿಂಗ್ ಸ್ಕ್ರಿಪ್ಟ್,
ನೋಟ್‌ಬುಕ್‌ಗೆ ಪೇಸ್ಟ್ ಮಾಡಿದ ತಕ್ಷಣ ನಿಂತುಹೋಗುತ್ತಾ?

ಮಾಡೆಲ್ ಇನ್ನೂ ಶುರುವೇ ಆಗಿಲ್ಲ.
ಆಗಲೇ ‘ಸಿಸ್ಟಮ್ ಎಕ್ಸಿಟ್: 2’.

ತಪ್ಪು ಮಾಡೆಲ್‌ದಲ್ಲ, ಡೇಟಾದ್ದೂ ಅಲ್ಲ.
ಸ್ವಲ್ಪ ಮೇಲಿನ ಸಾಲು ಓದಿ.
‘ಅನ್‌ರೆಕಗ್ನೈಸ್ಡ್ ಆರ್ಗ್ಯುಮೆಂಟ್ಸ್’.
ಪಕ್ಕದಲ್ಲಿ ಮೈನಸ್ ಎಫ್,
ಆಮೇಲೊಂದು ಜೇಸನ್ ಫೈಲ್.
ಇದನ್ನ ನೀವು ಬರೆದೇ ಇಲ್ಲ, ಅಲ್ವಾ?

ಕೊಟ್ಟಿದ್ದು ಜೂಪಿಟರ್.
ಕರ್ನಲ್ ಶುರುಮಾಡುವಾಗ
ಕನೆಕ್ಷನ್ ವಿವರ ಇರೋ ಫೈಲನ್ನ ಅದಕ್ಕೆ ಹೀಗೇ ತಿಳಿಸುತ್ತೆ.
ನಿಮ್ಮ ಸ್ಕ್ರಿಪ್ಟ್‌ನ ಆರ್ಗ್‌ಪಾರ್ಸ್ ಅದನ್ನೇ ಓದೋಕೆ ಹೋಗುತ್ತೆ.
ಓನರ್ ಹೆಸರಿಗೆ ಬಂದ ಕಾಗದನ ಬಾಡಿಗೆಯವರು ಒಡೆದು
‘ಇದ್ಯಾವುದೋ ಗೊತ್ತಿಲ್ಲಪ್ಪ’ ಅಂದ ಹಾಗೆ.

ಏನು ಮಾಡೋದು?
ಪಾರ್ಸ್ ಆರ್ಗ್ಸ್‌ಗೆ ಒಂದು ಖಾಲಿ ಲಿಸ್ಟ್ ಕೊಡಿ.
ಡಿಫಾಲ್ಟ್ ವ್ಯಾಲ್ಯೂಗಳು ಬರುತ್ತವೆ.
5 ಎಪಾಕ್ ಬೇಕಾ?
ಅದೇ ಲಿಸ್ಟ್‌ನಲ್ಲಿ ಬರೀರಿ.
ಡ್ಯಾಶ್ ಡ್ಯಾಶ್ ಎಪಾಕ್ಸ್ ಒಂದು ಸ್ಟ್ರಿಂಗ್,
5 ಇನ್ನೊಂದು ಸ್ಟ್ರಿಂಗ್.

‘ಪಾರ್ಸ್ ನೋನ್ ಆರ್ಗ್ಸ್ ಹಾಕಿಬಿಡಿ’ ಅಂತಾನೂ ಹೇಳ್ತಾರೆ.
ನಾನಂತೂ ಬೇಡ ಅಂತೀನಿ.
ಗೊತ್ತಿಲ್ಲದ್ದನ್ನೆಲ್ಲ ಅದು ಸುಮ್ಮನೆ ಬಿಟ್ಟುಬಿಡುತ್ತೆ.
ನಾಳೆ ಅದೇ ಫೈಲ್ ಟರ್ಮಿನಲ್‌ನಲ್ಲಿ ಓಡಿಸುವಾಗ
ಲರ್ನಿಂಗ್ ರೇಟ್ ಹೆಸರಲ್ಲಿ ಒಂದಕ್ಷರ ತಪ್ಪಿದ್ರೂ ಎರರ್ ಇಲ್ಲ.
ಹಳೇ ರೇಟ್‌ನಲ್ಲೇ ಗಂಟೆಗಟ್ಟಲೆ ಟ್ರೈನಿಂಗ್!

ಇನ್ನೂ ಅಪಾಯದ್ದು ಒಂದಿದೆ.
ನಿಮ್ಮ ಸ್ಕ್ರಿಪ್ಟ್‌ನಲ್ಲೇ ಮೈನಸ್ ಎಫ್ ಅನ್ನೋ ಆಪ್ಷನ್ ಇದ್ರೆ,
ಎರರ್ ಬರದೇನೂ ಇರಬಹುದು.
ಆ ಜೇಸನ್ ಫೈಲೇ ನಿಮ್ಮ ಇನ್‌ಪುಟ್ ಆಗಿ ಒಳಗೆ ಹೋಗಿರುತ್ತೆ.
ಟ್ರೈನಿಂಗ್ ಶುರುಮಾಡೋ ಮುಂಚೆ
ಆರ್ಗ್ಸ್ ಒಮ್ಮೆ ಪ್ರಿಂಟ್ ಮಾಡಿ ನೋಡಿ.