ಹಂದರದ ಬಳ್ಳಿಗೆ ಎರಡು ಕತ್ತರಿ

ಯುಗಾದಿ ಕಳೆಯಿತೆಂದರೆ ಬೀದರ್‌ನಲ್ಲಿ ನೆರಳಿಗೆ ಬಂಗಾರದ ಬೆಲೆ. ಹಳೇ ಊರಿನ ಜಂಬಿಟ್ಟಿಗೆ ಗೋಡೆಗಳು ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಾಗಿರುತ್ತವೆ. ಅಂಗಳದ ದ್ರಾಕ್ಷಿ ಹಂದರದ ಕೆಳಗೆ ಮಾತ್ರ ಹೊರಸು ಹಾಕಿ ಮಲಗಬಹುದು. ಸರಿಯಾಗಿ ಅದೇ ಹೊತ್ತಿನಲ್ಲಿ ಆ ಹಂದರವನ್ನು ಬೋಳಿಸಬೇಕು. ಮೊದಲ ಸಲ ಕತ್ತರಿ ಹಿಡಿದಾಗ ನಮ್ಮವ್ವ ನನ್ನ ಕೈ ಹಿಡಿದು ನಿಲ್ಲಿಸಿದ್ದಳು. “ಇಷ್ಟ್ ಬಿಸಲಾಗ ಯಾರರೆ ನೆಳ್ಳ ಕಡೀತಾರೇನೋ ತಮ್ಮಾ? ಮಳಿ ಬರಲಿ, ಆಮ್ಯಾಲ ಕಡಿ.” ಅವ್ವನ ಮಾತು ಮೀರಲಿಲ್ಲ. ಮರುವರ್ಷ ಹಂದರದ ತುಂಬ ಎಲೆಯೋ ಎಲೆ; ಗೊಂಚಲು ಎಣಿಸಲು ಒಂದು ಕೈಯ ಬೆರಳೇ ಸಾಕಾದವು.

ದ್ರಾಕ್ಷಿ ಎಂದರೆ ವಿಜಯಪುರ. ನಮ್ಮ ಜಿಲ್ಲೆಯ ಹೊಲದ ತುಂಬ ತೊಗರಿ, ಉದ್ದು, ಸೋಯಾ, ಕಬ್ಬು. ಹಾಗಂತ ಅಂಗೂರಕ್ಕೂ ನಮಗೂ ನಂಟಿಲ್ಲ ಎನ್ನುವಂತಿಲ್ಲ. 1948ರವರೆಗೆ ನಾವಿದ್ದದ್ದು ನಿಜಾಮರ ಆಳ್ವಿಕೆಯಲ್ಲಿ. ಅನಾಬ್-ಎ-ಶಾಹಿ ಎಂಬ ದಪ್ಪ ಬಿಳಿ ದ್ರಾಕ್ಷಿ ಹೆಸರು ಮಾಡಿದ್ದು ಅದೇ ಹೈದರಾಬಾದಿನ ತೋಟಗಳಲ್ಲಿ. ಅದಕ್ಕೂ ಹಿಂದೆ, 14ನೇ ಶತಮಾನದಲ್ಲಿ ದೌಲತಾಬಾದ್ ಕಂಡ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಬೆಳೆ ಕೊಡುತ್ತವೆ ಎಂದು ಬೆರಗಿನಿಂದ ಬರೆದಿಟ್ಟ. ದಖ್ಖನ್ನಿನ ದ್ರಾಕ್ಷಿಯ ಗುಟ್ಟೆಲ್ಲ ಆ ಬೆರಗಿನಲ್ಲಿದೆ. ಈ ಬಳ್ಳಿ ಇಲ್ಲಿ ನಿದ್ದೆ ಮಾಡುವುದಿಲ್ಲ.

ಕಾಶ್ಮೀರದಲ್ಲೋ ಫ್ರಾನ್ಸಿನಲ್ಲೋ ಚಳಿಗಾಲ ಬಂದರೆ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ, ಎಚ್ಚರಾಗುವ ಮುಂಚೆ ಒಂದು ಸಲ ಸವರಿದರೆ ಮುಗಿಯಿತು. ನಮ್ಮಲ್ಲಿ ಎಳ್ಳಮಾವಾಸ್ಯೆಯ ಚಳಿ ಎಷ್ಟೇ ಕೊರೆದರೂ ಬಳ್ಳಿಯನ್ನು ಮಲಗಿಸುವಷ್ಟಿಲ್ಲ. ಬಿಟ್ಟರೆ ವರ್ಷವಿಡೀ ತುದಿಯತ್ತಲೇ ಓಡುತ್ತದೆ. ಬುಡದ ಕಡೆ ಬೋಳು, ಮೇಲೆ ಪೊದೆ. ಋತು ಯಾವುದೆಂದು ಅದಕ್ಕೆ ತಿಳಿಸುವುದು ಕತ್ತರಿಯ ಕೆಲಸ. ವಿಜಯಪುರದ ರೈತರು ಇದನ್ನು ಚಾಟ್ನಿ ಎನ್ನುತ್ತಾರೆ. ಮರಾಠಿಯ ಗಡಿ ದಾಟಿ ಬಂದ ಮಾತು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ: ವರ್ಷಕ್ಕೆ ಎರಡು.

ಏಪ್ರಿಲ್‌ನದು ನಿರ್ದಯದ ಕೆಲಸ. ಹಣ್ಣು ಕೊಟ್ಟು ದಣಿದ ಪ್ರತಿ ಕಡ್ಡಿಯಲ್ಲೂ ಬುಡದ ಒಂದೋ ಎರಡೋ ಕಣ್ಣು ಉಳಿಸಿ ಮಿಕ್ಕದ್ದೆಲ್ಲ ಕೊಯ್ದು ಹಾಕಬೇಕು. ಕಣ್ಣೆಂದರೆ ಗೆಣ್ಣಿನ ಬದಿಯಲ್ಲಿ ಕಾಳಿನಷ್ಟು ಉಬ್ಬಿ ಕೂತ ಮೊಗ್ಗು. ಕತ್ತರಿ ಕಣ್ಣಿಗೆ ತಾಗದಂತೆ ಅದರಿಂದ ಒಂದು ಬೆರಳು ಮೇಲೆ ಇಟ್ಟು ಕೊಯ್ಯಬೇಕು. ಬೇರಿನಲ್ಲಿ ಹಸಿ ಇದ್ದರೆ ಕೊಯ್ದ ಬಾಯಿಂದ ತಿಳಿನೀರು ಹನಿಹನಿಯಾಗಿ ಜಿನುಗುತ್ತದೆ. ಮೊದಲ ಸಲ ನೋಡಿದವರಿಗೆ ಕರುಳು ಚುರುಕ್ ಎನ್ನುತ್ತದೆ. ಬಳ್ಳಿಗೆ ಅದರಿಂದ ಕೇಡಿಲ್ಲ, ತಾನಾಗಿ ನಿಲ್ಲುತ್ತದೆ.

ಹದಿನೈದು ದಿನದಲ್ಲಿ ಚಿಗುರು ಬರುತ್ತದೆ. ನಿಜವಾದ ಸಂಗತಿ ನಡೆಯುವುದು ಅದರ ಮುಂದೆ. ಬರುವ ಫೆಬ್ರುವರಿಯಲ್ಲಿ ತಿನ್ನುವ ಹಣ್ಣಿನ ಗೊಂಚಲು ಈ ಹೊಸ ಕಡ್ಡಿಯ ಕಣ್ಣೊಳಗೆ ರೂಪುಗೊಳ್ಳುವುದು ಚಾಟ್ನಿಯಾದ ಸುಮಾರು 40ರಿಂದ 60 ದಿನದ ನಡುವೆ. ಅದಕ್ಕೆ ಬಿಸಿಲು ಬೇಕು. ಅವ್ವ ಹೇಳಿದ ಹಾಗೆ ಮಳೆಗಾಲಕ್ಕೆ ಕಾದರೆ ಆ ದಿನಗಳೆಲ್ಲ ಮೋಡದಲ್ಲಿ ಕಳೆಯುತ್ತವೆ, ಕಣ್ಣು ಗೊಂಚಲು ಕಟ್ಟದೆ ಬರೀ ಎಲೆಯ ಮೊಗ್ಗಾಗುತ್ತದೆ. ನಾವು ನೆರಳು ಬಿಟ್ಟುಕೊಟ್ಟು ಕೊಳ್ಳುವುದು ಆ ಬಿಸಿಲನ್ನು. ಜೂನ್ ಹೊತ್ತಿಗೆ ಹಂದರ ಮತ್ತೆ ತುಂಬುತ್ತದೆ. ಆಗಲೂ ಎಲ್ಲ ಚಿಗುರು ಇಟ್ಟುಕೊಳ್ಳುವಂತಿಲ್ಲ. ಕೆಳಗೆ ಕೂತು ಮೇಲೆ ನೋಡಿದರೆ ಎಲೆಯ ಸಂದಿಯಿಂದ ನೆಲಕ್ಕೆ ಬಿಸಿಲಿನ ಚುಕ್ಕೆ ಬೀಳುತ್ತಿರಬೇಕು.

ಥಾಮ್ಸನ್ ಬೀಜರಹಿತ ತಳಿ ಇಟ್ಟವರಿಗೆ ಇನ್ನೊಂದು ಕೆಲಸವಿದೆ. ಅದರ ಬುಡದ ಕಣ್ಣುಗಳು ಬಹುಪಾಲು ಬಂಜೆ. ಚಿಗುರಿಗೆ ಏಳೆಂಟು ಎಲೆ ಬಂದಾಗ ತುದಿ ಚಿವುಟುತ್ತಾರೆ. ಅಲ್ಲಿಂದ ಪಕ್ಕದ ಕುಡಿ ಹೊರಟು ಒಂದು ಗಂಟು ಮೂಡುತ್ತದೆ. ಆ ಗಂಟಿನ ಆಸುಪಾಸಿನ ಕಣ್ಣುಗಳಲ್ಲಿ ಹಣ್ಣಿನ ಆಸೆ ಹೆಚ್ಚು. ಅಕ್ಟೋಬರ್‌ನಲ್ಲಿ ಗಂಟಿನ ಮೇಲೆ ಒಂದೆರಡು ಕಣ್ಣು ಬಿಟ್ಟು ಕೊಯ್ಯುವುದು ಅದಕ್ಕೇ. ಬೆಂಗಳೂರು ನೀಲಿ ಬುಡದ ಕಣ್ಣುಗಳಲ್ಲೂ ಹಣ್ಣು ಬಿಡುತ್ತದೆ, ಹೊಸಬರ ಕೈಗೆ ಅದೇ ಸಲೀಸು.

ಸೀಗಿ ಹುಣ್ಣಿಮೆಯ ಆಸುಪಾಸಿಗೆ, ಮಳೆ ಹಿಂದೆ ಸರಿದಾಗ, ಎರಡನೇ ಚಾಟ್ನಿ. ಎರಡು ವಾರ ಮೊದಲೇ ಎಲೆ ಉದುರಿಸಿದರೆ ಕಣ್ಣು ಉಬ್ಬುತ್ತದೆ. ದೊಡ್ಡ ತೋಟಗಳಲ್ಲಿ ಕಣ್ಣಿಗೆ ಹೈಡ್ರೋಜನ್ ಸಯನಮೈಡ್ ಸವರಿ ಎಬ್ಬಿಸುತ್ತಾರೆ. ಅದು ವಿಷ, ಮಕ್ಕಳು ಆಡುವ ಅಂಗಳಕ್ಕೆ ಅದನ್ನು ತರಬಾರದು ಎಂಬುದು ನನ್ನ ಖಡಾಖಂಡಿತ ಮಾತು. ನಾಲ್ಕು ಗೊಂಚಲು ಕಡಿಮೆಯಾದರೆ ಆಗಲಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಭಜ್ಜಿ ಕಟ್ಟಿಕೊಂಡು ಹೋಗುವ ಹೊತ್ತಿಗೆ ಕಾಯಿ ಬಟಾಣಿಯಷ್ಟಾಗಿರುತ್ತದೆ, ಶಿವರಾತ್ರಿಗೆ ಉಪವಾಸ ಬಿಡಲು ಹಣ್ಣು.

ಕೊಯ್ಯುವುದನ್ನು ಕಲಿತವರೂ ಕಟ್ಟುವುದರಲ್ಲಿ ಎಡವುತ್ತಾರೆ. ಹಂದರದ ತಂತಿ ಆಳೆತ್ತರಕ್ಕಿಂತ ತುಸು ಮೇಲಿರಬೇಕು. ಸಸಿ ಇರುವಾಗ ಒಂದೇ ಕಾಂಡವನ್ನು ಬಿದಿರು ಕೋಲಿಗೆ ಕಟ್ಟಿ ನೇರ ಏರಿಸಿ, ತಂತಿಗೆ ಒಂದು ಗೇಣು ಕೆಳಗೆ ತುದಿ ಚಿವುಟಿ, ಎರಡು ತೋಳು ಎರಡು ಕಡೆ ಬಿಡಬೇಕು. ಕಟ್ಟಲು ಸುತಳಿಯೇ ಚಲೋ. ಪ್ಲಾಸ್ಟಿಕ್ ದಾರ ಕೊಳೆಯುವುದಿಲ್ಲ. ಕಾಂಡ ದಪ್ಪವಾದಂತೆ ಸಿಪ್ಪೆಯೊಳಗೆ ಹೂತು ಕತ್ತು ಹಿಸುಕುತ್ತದೆ. ಸುತಳಿಯನ್ನು ಮೊದಲು ತಂತಿಗೆ ಬಿಗಿಯಾಗಿ ಸುತ್ತಿ, ತಂತಿಗೂ ಕಡ್ಡಿಗೂ ನಡುವೆ ಒಮ್ಮೆ ಹೊಸೆದು, ಆಮೇಲೆ ಕಡ್ಡಿಯನ್ನು ಸಡಿಲವಾಗಿ ಬಳಸಬೇಕು. ಕಿರುಬೆರಳು ಒಳಗೆ ತೂರುವಷ್ಟು ಜಾಗ ಬೇಕು. ಬೆಳಗಿನ ಕಡ್ಡಿ ನೀರು ತುಂಬಿ ಪಟ್ಟನೆ ಮುರಿಯುತ್ತದೆ. ಮಧ್ಯಾಹ್ನ ಬಾಡಿ ಮೆತ್ತಗಾದ ಮೇಲೆ ಬಗ್ಗಿಸಿದರೆ ಮಾತು ಕೇಳುತ್ತದೆ.

ಮಣ್ಣಿನ ಲೆಕ್ಕವೂ ಇದೆ. ಬೀದರ್ ಊರಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ, ಸುರಿದ ನೀರು ಇಳಿದುಹೋಗುತ್ತದೆ. ಭಾಲ್ಕಿಯಲ್ಲಿ ನಮ್ಮ ಸೋದರತ್ತೆಯ ಹಿತ್ತಲು ಎರೆ. ನಮ್ಮ ಬಳ್ಳಿಯದೇ ತುಂಡು ಅಲ್ಲಿ ಮೊದಲ ಮಳೆಗಾಲದಲ್ಲೇ ಬೇರು ಕೊಳೆತು ಸತ್ತಿತು. ಎರಡನೆಯದನ್ನು ಮೊಣಕಾಲೆತ್ತರದ ಮಣ್ಣಿನ ದಿಬ್ಬದ ಮೇಲೆ ಡಾಗ್‌ರಿಡ್ಜ್ ಬೇರಿಗೆ ಕಸಿ ಮಾಡಿದ ಸಸಿಯಾಗಿ ನೆಟ್ಟೆವು, ಈಗ ಅದು ಹಂದರ ಹಿಡಿದಿದೆ. ಮಳೆಗಾಲದ ಬೂಜು ರೋಗಕ್ಕೆ ಬೋರ್ಡೋ ದ್ರಾವಣ ಸಾಕು: ಹತ್ತು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ದಾರಿಹೋಕರು ಹಣ್ಣು ಕೀಳದಿರಲೆಂದು ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ಇದನ್ನು ರಸ್ತೆಬದಿಯ ಬಳ್ಳಿಗೆ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗವೇ ಇಲ್ಲದ್ದನ್ನು ಕಂಡು ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಲೋಕಕ್ಕೆ ತಿಳಿಸಿದ. ಕಲಸಿದ ಮೇಲೆ ಕುಡುಗೋಲಿನ ತುದಿ ಅದ್ದಿ ನೋಡಿ. ಕಬ್ಬಿಣಕ್ಕೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದರ್ಥ.

ಈ ಅಕ್ಟೋಬರ್‌ನಲ್ಲಿ ಕೊಯ್ದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ನಾಲ್ಕು ನಾಲ್ಕು ಕಣ್ಣಿನ ತುಂಡು ಮಾಡಿ, ಹಸಿ ಗೋಣಿಯಲ್ಲಿ ಸುತ್ತಿ ಔರಾದ್ ಬಸ್ಸಿಗೆ ಹತ್ತಿಸಿದೆ, ತಂಗಿಯ ಮನೆಗೆ. ಬುಡದ ತುದಿ ನೇರ, ಮೇಲಿನ ತುದಿ ಓರೆ ಕೊಯ್ದಿದ್ದೆ, ತಲೆಕೆಳಗಾಗಿ ನೆಡದಿರಲೆಂದು. ರಾತ್ರಿ ಫೋನಿನಲ್ಲಿ ಅವ್ವನೇ ಅವಳಿಗೆ ಹೇಳುತ್ತಿದ್ದಳು: “ಎರಡು ಕಣ್ಣು ಮಣ್ಣಾಗ, ಎರಡು ಕಣ್ಣು ಮ್ಯಾಲ. ಮತ್ತ ಬ್ಯಾಸಗ್ಯಾಗ ಕಡೀಲಿಕ್ಕ ಅಂಜಬ್ಯಾಡ ನೋಡವ್ವಾ.”