ಕೌದಿ ಚೀಲ: ಮೊದಲು ಹೊಲಿಗೆ, ಆಮೇಲೆ ಕತ್ತರಿ

ಕಾಫಿ, ಅಡಿಕೆಗೆ ಮೀಸಲಾದ ಈ ಪುಟಗಳಲ್ಲಿ ಚೀಲ ಹೊಲಿಯುವ ಪಾಠವೇಕೆ ಎಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಕಾರಣವಿದೆ. 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳು 2022ರ ಡಿಸೆಂಬರ್ 31ರಿಂದ ದೇಶದಲ್ಲೆಲ್ಲ ನಿಷಿದ್ಧ. ಮಹಾಸಭೆಗೆ ಬಂದವರಿಗೆ ವರದಿ ಪುಸ್ತಕದೊಡನೆ ಚೀಲವೊಂದನ್ನು ಕೊಡುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಬಟ್ಟೆಯಂತೆ ಕಾಣುವ ಆ ತೆಳು ಚೀಲಗಳೂ ಬಹುಪಾಲು ಪ್ಲಾಸ್ಟಿಕ್ ಎಳೆಯವೇ; ಕೊನೆಗೆ ತೋಟದ ಬೇಲಿಯಲ್ಲಿ ಚಿಂದಿಯಾಗಿ ನೇತಾಡುತ್ತವೆ. ಬೇರೆ ದಾರಿ ಹುಡುಕುತ್ತಿದ್ದಾಗ ನಮ್ಮ ಕಣ್ಣಿಗೆ ಬಿದ್ದದ್ದು ಕೂಲಿ ಲೈನಿನ ಮುಂದೆ ಬಿಸಿಲಿಗೆ ಹರವಿದ್ದ ಒಂದು ಕೌದಿ.

ಅರೇಬಿಕಾ ಕೊಯ್ಲಿಗೆ ನಮ್ಮಲ್ಲಿಗೆ ಬರುವವರಲ್ಲಿ ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ರಾಜೂರಿನ ಒಂದು ಮನೆಯವರಿದ್ದಾರೆ. ಜೋಳದ ಹಿಟ್ಟು, ನಾಲ್ಕು ಪಾತ್ರೆ, ಎರಡು ಕೌದಿ, ಇಷ್ಟೇ ಅವರ ಸಾಮಾನು. ಕೌದಿಯೆಂದರೆ ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಹಿಡಿದು ನಡುವಿನವರೆಗೆ ಸುತ್ತು ಸುತ್ತಾಗಿ ಸೂಜಿಯೋಡಿಸಿದ ಹೊದಿಕೆ. ನಮ್ಮ ಅಡಿಕೆ ಸೀಮೆಯ ಪಕ್ಕದಲ್ಲೇ, ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರೂ ಇದನ್ನು ಹೊಲಿಯುತ್ತಾರೆ. ಅವರ ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂಗಳಿರಬೇಕು. ಇಲ್ಲವಾದರೆ ಅದು ಬತ್ತಲೆಯಂತೆ!

ಈ ಬಟ್ಟೆಯಿಂದಲೇ ಚೀಲವೇಕಾಗಬಾರದು ಎಂದುಕೊಂಡೆವು. ಓದಿದವರ ಬುದ್ಧಿ ನೋಡಿ: ಮೊದಲು ಹಳೆಯ ಪತ್ರಿಕೆಯಲ್ಲಿ ಅಚ್ಚುಕಟ್ಟಾಗಿ ನಮೂನೆ ಕತ್ತರಿಸಿದೆವು, ಅದರ ಅಳತೆಗೆ ಮೂರು ಪದರ ಬಟ್ಟೆ ಕತ್ತರಿಸಿದೆವು, ಆಮೇಲೆ ಮನೆಯವರ ಕೈಯಿಂದ ಹೊಲಿಸಿದೆವು. ಚೀಲ ಒಂದೂವರೆ ಅಂಗುಲ ಗಿಡ್ಡವಾಯಿತು. ಅಂಚು ಸೊಟ್ಟ, ಒಳಪದರ ಒಂದು ಕಡೆಗೆ ಸರಿದಿತ್ತು. ಮನೆಯಲ್ಲಿ ನಮ್ಮ ಬಗ್ಗೆ ಕೇಳಿಬಂದ ಮಾತನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಬೇಸಗೆಯಲ್ಲಿ, ಹೊಲದ ಕೆಲಸ ಬಿಡುವಾಗಿ ಕೌದಿ ಹೊಲಿಯುವ ಕಾಲಕ್ಕೆ, ರಾಜೂರಿಗೇ ಹೋದೆವು. ದಾರಿಯಲ್ಲಿ ಗದಗದ ಹತ್ತಿರದ ಕಣಗಿನಹಾಳಕ್ಕೂ ಹೋಗಿಬಂದೆವು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವೇ ದೇಶದಲ್ಲಿ ಮೊದಲನೆಯದು. ಕಾರ್ಯದರ್ಶಿಗಿರಿ ಮಾಡುವ ನಮಗೆ ಅದು ಯಾತ್ರಾಸ್ಥಳವೇ ಸರಿ. ರಾಜೂರಿನ ಆ ತಾಯಿ ನಮ್ಮ ಚೀಲವನ್ನು ತಿರುಗಿಸಿ ನೋಡಿ ನಕ್ಕರು. "ಅಳತಿ ಆಮ್ಯಾಲ್ರಿ. ಟಾಕು ಹಾಕಿದಂಗ ಅರಿವಿ ಜಗ್ಗತೈತಿ. ಮೊದಲ ಹೊಲೀರಿ, ಆಮ್ಯಾಲೆ ಕತ್ತರಿ ಹಿಡೀರಿ" ಎಂದರು. ಪ್ರತಿ ಟಾಕಿಗೂ ಬಟ್ಟೆ ಕೂದಲೆಳೆಯಷ್ಟು ಕುಗ್ಗುತ್ತದೆ. ಸಾವಿರ ಟಾಕು ಸೇರಿದರೆ ಅಂಗುಲಗಳೇ ಮಾಯ.

ಅವರು ತೋರಿಸಿದ ಕ್ರಮ ಹೀಗಿದೆ. ಮೇಲೆ ಹಳೆಯ ನೂಲಿನ ಸೀರೆ, ನಡುವೆ ಧೋತರ, ಒಳಗೆ ಗಟ್ಟಿ ಬಟ್ಟೆ. ಹೊಸ ಬಟ್ಟೆಯಾದರೆ ಒಂದು ರಾತ್ರಿ ನೆನೆಸಿ ಒಣಗಿಸಬೇಕು, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಕೆಂಪು, ನೀಲಿ ಸೀರೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ, ಬಣ್ಣ ಬಿಡುವುದೋ ನೋಡಬೇಕು. ಮೂರನ್ನೂ 36 ಅಂಗುಲ ಉದ್ದ, 18 ಅಂಗುಲ ಅಗಲಕ್ಕೆ ಧಾರಾಳವಾಗಿ ಕತ್ತರಿಸಿ, ಚಾಪೆಯ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಟಾಕು ಹಾಕಿ ಹಿಡಿದಿಡಿ. ಪದರ ಸರಿಯದಿರುವುದು ಇದರಿಂದಲೇ. ಅನಂತರ ಅರ್ಧ ಅಂಗುಲಕ್ಕೊಂದರಂತೆ ಸಾಲು ಹೊಲಿಗೆ. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಸುರುಟುತ್ತದೆ.

ಎಲ್ಲ ಮುಗಿದ ಮೇಲೆ 32ಕ್ಕೆ 15 ಅಂಗುಲದ ಕಾಗದದ ನಮೂನೆಯಿಟ್ಟು ಗೀಟು ಎಳೆಯಿರಿ. ಕತ್ತರಿಸುವ ಮೊದಲು ಗೀಟಿನ ಒಳಮಗ್ಗುಲಿಗೆ ಒಂದು ಸುತ್ತು ಗಟ್ಟಿ ಹೊಲಿಗೆ ಹಾಕಲೇಬೇಕು. ಮರೆತರೆ ತುಂಡಾದ ಎಳೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಮೇಲ್ಮೈ ಒಳಗಾಗುವಂತೆ ಅಡ್ಡಕ್ಕೆ ಮಡಚಿ, ಪಕ್ಕಗಳನ್ನು ಅರ್ಧ ಅಂಗುಲ ಬಿಟ್ಟು ಹೊಲಿಯಿರಿ. ಕೆಳಗಿನ ಮೂಲೆಯನ್ನು ಚೂಪಾಗಿ ಹಿಡಿದು, ತುದಿಯಿಂದ ಒಂದೂವರೆ ಅಂಗುಲ ಒಳಗೆ ಅಡ್ಡ ಹೊಲಿದರೆ ಮೂರಂಗುಲದ ತಳ ಬರುತ್ತದೆ. ಬಾಯಿಗೆ ಸೀರೆಯ ಅಂಚಿನ ಪಟ್ಟಿ. ಹಿಡಿಕೆಗೆ 6 ಅಂಗುಲ ಅಗಲ, 24 ಅಂಗುಲ ಉದ್ದದ ಎರಡು ತುಂಡುಗಳನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ತುದಿಗಳನ್ನು ಎರಡಂಗುಲ ಒಳಗಿಳಿಸಿ ಚೌಕವಾಗಿ ಹೊಲಿಯಬೇಕು. ಭಾರ ಬೀಳುವುದು ಅಲ್ಲೇ.

ಚೀಲವೊಂದಕ್ಕೆ ಎಷ್ಟು ಹೊತ್ತು ಎಂದು ಕೇಳಿದೆವು. ಅಡಿಗೆ, ನೀರು, ದನಕರು ನೋಡಿಕೊಂಡು ಎರಡೂವರೆ ದಿನ ಎಂದರು. ನಮ್ಮ ಆಡಳಿತ ಮಂಡಳಿ ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ ನಾವೇ ಕೊಡುವ ಒಂದು ದಿನದ ಕೊಯ್ಲಿನ ಕೂಲಿಯ ಅರ್ಧಕ್ಕೂ ಬರುತ್ತಿರಲಿಲ್ಲ. ರೊಬಸ್ಟಾ ಬೆಲೆ ಲಂಡನ್ನಿನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ ನಿಗದಿಯಾಗುತ್ತದೆ, ಬೆಳೆದವನ ಖರ್ಚು ಕೇಳುವವರಿಲ್ಲ ಎಂದು ಇದೇ ಪತ್ರಿಕೆಯಲ್ಲಿ ಎಷ್ಟು ಸಲ ಬರೆದಿದ್ದೇವೆ! ಬೆಲೆ ಹೇಳದೆ ಮಜ್ಜಿಗೆ ಕುಡಿದು ಎದ್ದೆವು.

ಎರಡೂವರೆ ದಿನದ ಕೂಲಿ ಲೆಕ್ಕ ಹಾಕಿದರೆ ಎಲ್ಲ ಸದಸ್ಯರಿಗೂ ಚೀಲ ಕೊಡಲಾಗದು. ನಲವತ್ತು ಚೀಲಗಳನ್ನು ಆ ದರದಲ್ಲೇ ಮಾಡಿಸಿ, ಸಂಘದ ಮಳಿಗೆಯಲ್ಲಿ ಲಾಭವಿಲ್ಲದೆ ಮಾರುವುದು, ಮಹಾಸಭೆಯಲ್ಲಿ ಉಚಿತ ಚೀಲವನ್ನು ನಿಲ್ಲಿಸುವುದು ನಮ್ಮ ಸೂಚನೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದು ಇರುತ್ತದೆ. ನಮ್ಮ ಗಿಡ್ಡ ಚೀಲವನ್ನೂ ಕಚೇರಿಯ ಮೊಳೆಗೆ ನೇತುಹಾಕಿದ್ದೇವೆ, ನೋಡಬಯಸುವವರು ನೋಡಬಹುದು.