ಕಣ್ಣೀರಿಗೆ ಚಪ್ಪಾಳೆ, ಕಾಲ್‌ಶೀಟಿಗೆ ಕೊಂಕು

2015ರಲ್ಲಿ ನಟಿ ದೀಪಿಕಾ ಪಡುಕೋಣೆ ಟಿವಿ ಸಂದರ್ಶನವೊಂದರಲ್ಲಿ ತಮ್ಮನ್ನು ಖಿನ್ನತೆ ಕಾಡಿದ್ದನ್ನು ಹೇಳಿಕೊಂಡಾಗ ದೇಶ ಅವರ ಧೈರ್ಯವನ್ನು ಕೊಂಡಾಡಿತು. ಹತ್ತು ವರ್ಷಗಳ ಮೇಲೆ, ಎಳೆಗೂಸಿನ ತಾಯಿಯಾಗಿದ್ದ ಅದೇ ದೀಪಿಕಾ ದಿನಕ್ಕೆ ಎಂಟೇ ಗಂಟೆ ಕೆಲಸ ಮಾಡುವುದಾಗಿ ಪಟ್ಟು ಹಿಡಿದಿದ್ದಾರೆ ಎಂಬ ಸುದ್ದಿ ಹಬ್ಬಿತು. 2025ರಲ್ಲಿ ಅವರು ‘ಸ್ಪಿರಿಟ್’ ಚಿತ್ರದಿಂದ ಹೊರಬಂದರು. ‘ಕಲ್ಕಿ 2898 ಎಡಿ’ ಚಿತ್ರದ ಮುಂದಿನ ಭಾಗದಲ್ಲಿ ಅವರಿರುವುದಿಲ್ಲವೆಂದು ನಿರ್ಮಾಣ ಸಂಸ್ಥೆಯೇ ಪ್ರಕಟಿಸಿತು. ಈ ಸಲ ಕೇಳಿದ್ದು ಚಪ್ಪಾಳೆಗಿಂತ ಹೆಚ್ಚಾಗಿ ‘ಏನು ಧಿಮಾಕು’ ಎಂಬ ಕೊಂಕು. ಮೊದಲನೆಯದು ಆರೋಗ್ಯದ ಮಾತು, ಎರಡನೆಯದು ಸವಲತ್ತಿನ ಮಾತು ಎಂದು ನಾವು ಎರಡನ್ನೂ ಬೇರ್ಪಡಿಸಿಬಿಟ್ಟಿದ್ದೇವೆ. ಆದರೆ ಒಂದನ್ನು ಒಪ್ಪಿದವರು ಇನ್ನೊಂದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಾಯಿಲೆಗೆ ಮರುಗಿ, ಕಾಯಿಲೆಗೆ ದಾರಿಮಾಡುವ ದುಡಿಮೆಯ ಕ್ರಮವನ್ನು ಮಾತ್ರ ಪ್ರಶ್ನಿಸಬೇಡಿ ಎನ್ನುವುದು ಮಲೇರಿಯಾಕ್ಕೆ ಮಾತ್ರೆ ಕೊಟ್ಟು ಮನೆ ಮುಂದೆ ನಿಂತ ನೀರನ್ನು ಹಾಗೇ ಬಿಟ್ಟಂತೆ.

ಬೆಂಗಳೂರಿನಲ್ಲಿ ಬೆಳೆದು, 2006ರಲ್ಲಿ ಕನ್ನಡದ ‘ಐಶ್ವರ್ಯ’ ಚಿತ್ರದಿಂದ ತೆರೆಗೆ ಬಂದ ದೀಪಿಕಾಗೆ 2013 ಸುಗ್ಗಿಯ ವರ್ಷ. ‘ಚೆನ್ನೈ ಎಕ್ಸ್‌ಪ್ರೆಸ್’ ಸೇರಿ ಒಂದರ ಹಿಂದೊಂದು ಚಿತ್ರಗಳು ಗೆದ್ದವು. ಖಿನ್ನತೆ ಬಂದದ್ದು ಅದರ ಬೆನ್ನಿಗೇ, 2014ರ ಆರಂಭದಲ್ಲಿ. ಮಗಳ ಅಳು ಎಂದಿನಂಥದ್ದಲ್ಲ, ತಜ್ಞರ ನೆರವು ಬೇಕು ಎಂದು ಮೊದಲು ಗುರುತಿಸಿದವರು ತಾಯಿ ಎಂದು ಅವರೇ ಹೇಳಿದ್ದಾರೆ. ಇದು ದುಡ್ಡಿದ್ದವರ ಖಯಾಲಿ, ಈಗ ಎಲ್ಲರಿಗೂ ಖಿನ್ನತೆಯೇ ಫ್ಯಾಷನ್ ಎಂದು ಗೊಣಗುವವರಿದ್ದಾರೆ. ಅವರಿಗೆ ಉತ್ತರ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿದೆ. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಔಷಧ ಸಿಗದವರೇ ಹೆಚ್ಚಿರುವ ಕಡೆ ಫ್ಯಾಷನ್ನಿನ ಮಾತಿಗೆ ಅರ್ಥವಿಲ್ಲ. ಹಳ್ಳಿಗೂ ಚಿಕಿತ್ಸೆ ಒಯ್ಯಬಹುದೆಂದು 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ತೋರಿಸಿತ್ತು. ಆ ‘ಬಳ್ಳಾರಿ ಮಾದರಿ’ಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. ದೀಪಿಕಾ 2015ರಲ್ಲಿ ಕಟ್ಟಿದ ‘ಲಿವ್ ಲವ್ ಲಾಫ್’ ಸಂಸ್ಥೆಯೂ ತನ್ನ ಗ್ರಾಮೀಣ ಕೆಲಸಕ್ಕೆ ಮೊದಲು ಆರಿಸಿಕೊಂಡದ್ದು ದಾವಣಗೆರೆ ಜಿಲ್ಲೆಯನ್ನು.

ಚಿಕಿತ್ಸೆಯೊಂದೇ ಸಾಲದು ಎಂಬುದು ಕನ್ನಡಿಗರಿಗೆ ಹೊಸ ಪಾಠವೇನಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ‘ಶರಪಂಜರ’ವಾಗಿ ತೆರೆಗೆ ತಂದರು. ಅದರಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ. ಆಸ್ಪತ್ರೆ ಅವಳನ್ನು ಗುಣಪಡಿಸಿ ಕಳಿಸುತ್ತದೆ. ಮನೆಯವರ, ನೆರೆಹೊರೆಯವರ ಸಂಶಯದ ನೋಟ ಅವಳನ್ನು ಮತ್ತೆ ಅಲ್ಲಿಗೇ ತಳ್ಳುತ್ತದೆ. ಕಾಯಿಲೆ ತಲೆಯೊಳಗೆ ಮಾತ್ರ ಇರುವುದಿಲ್ಲ, ಸುತ್ತಲಿನ ಜನ ಬದುಕಲು ಎಷ್ಟು ಜಾಗ ಬಿಡುತ್ತಾರೆ ಎಂಬುದರಲ್ಲೂ ಇರುತ್ತದೆ ಎಂದು ಆ ಚಿತ್ರ ಅರ್ಧ ಶತಮಾನದ ಹಿಂದೆಯೇ ತೋರಿಸಿತ್ತು. ಇವತ್ತು ಆ ಜಾಗದ ದೊಡ್ಡ ಪಾಲು ಕೆಲಸದ್ದು. ಒಮ್ಮೆ ಖಿನ್ನತೆ ಅನುಭವಿಸಿದ, ಈಗ ಮಗುವನ್ನೂ ನೋಡಿಕೊಳ್ಳಬೇಕಾದ ಹೆಂಗಸು ಕೆಲಸಕ್ಕೆ ಗಡಿ ಹಾಕಿಕೊಳ್ಳುವುದು ಸೋಮಾರಿತನವಲ್ಲ, ಮುನ್ನೆಚ್ಚರಿಕೆ.

ಆ ಗಡಿ ದೀಪಿಕಾ ಹುಟ್ಟಿಸಿದ್ದೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಒಪ್ಪಂದವೇ 1919ರಲ್ಲಿ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ದುಡಿಮೆಯನ್ನು ಮುಂದಿಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು. 2023ರಲ್ಲಿ ಇನ್ಫೊಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಎದ್ದ ಚರ್ಚೆ ಇನ್ನೂ ಆರಿಲ್ಲ. ಸಿನಿಮಾದ ಈ ಜಗಳ ಆ ಚರ್ಚೆಯದೇ ಮುಂದುವರಿಕೆ.

ಆಕ್ಷೇಪಗಳಲ್ಲಿ ಬಲವಾದದ್ದು ಒಂದಿದೆ. ಕೋಟಿಗಳಲ್ಲಿ ಸಂಭಾವನೆ ಪಡೆಯುವ ನಟಿ ಎಂಟು ಗಂಟೆಗೆ ಎದ್ದುಹೋಗಬಹುದು, ಲೈಟ್‌ಬಾಯ್ ಹೋಗಲಾದೀತೇ? ನಾಯಕಿ ಬರುವ ಮೊದಲೇ ಸೆಟ್‌ಗೆ ಬಂದು, ಅವಳು ಹೋದಮೇಲೆ ಸಾಮಾನು ಕಟ್ಟುವವರು ಅವರೇ. ಈ ಮಾತು ನಿಜ. ಆದರೆ ಇದರಿಂದ ಲೈಟ್‌ಬಾಯ್‌ಗೂ ಗಡಿ ಬೇಕು ಎಂದು ಸಿದ್ಧವಾಗುತ್ತದೆಯೇ ಹೊರತು ನಟಿಗೆ ಬೇಡ ಎಂದಲ್ಲ. ದಿನಗೂಲಿಯವನು ಬಾಯಿಬಿಟ್ಟರೆ ನಾಳೆಯ ಕೂಲಿಯೇ ಹೋದೀತು. ಕೇಳುವ ಶಕ್ತಿ ಇದ್ದವರು ಮೊದಲು ಕೇಳದೆ ವಿಧಿಯಿಲ್ಲ. ದೀಪಿಕಾ ತಮ್ಮ ಒಪ್ಪಂದದಲ್ಲಷ್ಟೇ ಗಡಿ ಹಾಕಿಕೊಂಡು ಉಳಿದವರನ್ನು ಮರೆತರೆ ಅದನ್ನು ಟೀಕಿಸೋಣ. ಆದರೆ ಆ ಟೀಕೆ ಗಡಿಯನ್ನು ಅಗಲಿಸಲು ಇರಬೇಕು, ಅಳಿಸಲು ಅಲ್ಲ.

ಸಿನಿಮಾ ಕಾರ್ಖಾನೆಯಲ್ಲ, ಕಲೆಗೆ ಗಡಿಯಾರ ಕಟ್ಟಲಾಗದು, ಸೆಟ್ಟಿನ ಬಾಡಿಗೆ ದಿನಕ್ಕೆ ಲಕ್ಷಗಟ್ಟಲೆ ಏರುತ್ತದೆ ಎಂಬುದು ಇನ್ನೊಂದು ವಾದ. ಸೂರ್ಯಾಸ್ತದ ದೃಶ್ಯಕ್ಕೆ ಸೂರ್ಯನನ್ನೇ ಕಾಯಬೇಕು, ಒಪ್ಪೋಣ. ಆದರೆ ಕಾಲ್‌ಶೀಟ್ ಎಂಬ ಪದ್ಧತಿ ಇರುವುದೇ ಕಲೆಯನ್ನು ಗಂಟೆ ಲೆಕ್ಕದಲ್ಲಿ ಕೂಡಿಸಲು. ಹಲವು ಪುರುಷ ತಾರೆಯರು ವರ್ಷಗಳಿಂದ ಎಂಟೇ ಗಂಟೆ ದುಡಿಯುತ್ತಿದ್ದರೂ ಅದು ಸುದ್ದಿಯಾಗಲಿಲ್ಲ ಎಂದು ದೀಪಿಕಾ ಕೇಳಿದ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ. ಕಲೆಯ ಹೆಸರಿನಲ್ಲಿ ಹೆಂಗಸರು ಏನೆಲ್ಲ ಸಹಿಸಬೇಕಾಯಿತು ಎಂಬುದನ್ನು 2024ರಲ್ಲಿ ಬಹಿರಂಗವಾದ ಕೇರಳ ಚಿತ್ರರಂಗದ ಕುರಿತ ಹೇಮಾ ಸಮಿತಿ ವರದಿ ತೆರೆದಿಟ್ಟಿತು. ಶೌಚಾಲಯವೂ ಬಟ್ಟೆ ಬದಲಿಸುವ ಜಾಗವೂ ಇಲ್ಲದ ಸೆಟ್‌ಗಳಲ್ಲಿ ಹೆಂಗಸರು ನೀರು ಕುಡಿಯದೆ ದಿನ ಕಳೆಯುತ್ತಿದ್ದರು. ಇನ್ನು, ಷರತ್ತು ಒಪ್ಪದ ನಿರ್ಮಾಪಕರು ಬೇರೆ ನಟಿಯನ್ನು ಹುಡುಕಿಕೊಳ್ಳುವುದು ಅವರ ಹಕ್ಕು, ಅದು ವ್ಯವಹಾರ. ತಪ್ಪಿರುವುದು, ಕೇಳಿದ್ದನ್ನೇ ಅಪರಾಧವೆಂದು ಕಾಣುವ ನಮ್ಮ ಕಣ್ಣಿನಲ್ಲಿ.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದೇ ದೀಪಿಕಾರನ್ನು ಮಾನಸಿಕ ಆರೋಗ್ಯದ ರಾಯಭಾರಿಯಾಗಿ ಆರಿಸಿತು. ಗೌರವ ಸರಿಯೇ. ಆದರೆ ರಾಯಭಾರಿಯ ಮಾತನ್ನು ಭಿತ್ತಿಪತ್ರದಲ್ಲಿ ಅಂಟಿಸಿ, ಕೆಲಸದ ಜಾಗದಲ್ಲಿ ಕಿತ್ತೆಸೆದರೆ ಪ್ರಯೋಜನವಿಲ್ಲ. ಸಿನಿಮಾ ಸೆಟ್ಟಿರಲಿ, ಸಾಫ್ಟ್‌ವೇರ್ ಕಚೇರಿಯಿರಲಿ, ಗಾರ್ಮೆಂಟ್ಸ್ ಇರಲಿ, ‘ಇಷ್ಟು ಸಾಕು’ ಎಂದವರ ಮೇಲೆ ಕೊಂಕು ನುಡಿಯುವ ಮುನ್ನ ಒಂದು ಗಳಿಗೆ ಯೋಚಿಸೋಣ. ಮನಸ್ಸಿಗೆ ಕಷ್ಟವಾದಾಗ ಕರೆ ಮಾಡಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಆ ಕರೆ ಮಾಡಲಿಕ್ಕೂ ದಿನದಲ್ಲಿ ಅರ್ಧ ಗಂಟೆಯ ಬಿಡುವು ಬೇಕು.